ಒಂದು ತಿಂಗಳ ನಿವೃತ್ತಿ

ನನ್ನ ಗಂಡ ಶಟ್‌ಡೌನ್ ಪ್ಲಾನರ್. ಕತಾರಿನ ರಾಸ್ ಲಫಾನಿನಲ್ಲಿರುವ ಗ್ಯಾಸ್ ಪ್ಲಾಂಟುಗಳನ್ನು ಕೆಲವು ವರ್ಷಗಳಿಗೊಮ್ಮೆ ಪೂರ್ತಿ ನಿಲ್ಲಿಸಿ, ಬಿಚ್ಚಿ, ತೊಳೆದು, ರಿಪೇರಿ ಮಾಡಿ ಮತ್ತೆ ಶುರು ಮಾಡುತ್ತಾರೆ. ಯಾವ ನಟ್ಟನ್ನು ಯಾರು ಬಿಚ್ಚಬೇಕು, ಕ್ರೇನು ಎಲ್ಲಿ ನಿಲ್ಲಬೇಕು, ಕ್ರೇನಿನ ಡ್ರೈವರು ಊಟಕ್ಕೆ ಹೋದಾಗ ಆ ಜಾಗದಲ್ಲಿ ಯಾರು ಇರಬೇಕು, ಇದನ್ನೆಲ್ಲ ಬಹಳ ಮೊದಲೇ ಕೂತು ಬರೆದಿಡುವುದು ಇವರ ಕೆಲಸ. ಇಂಥವರ ಜೊತೆ ಸಂಸಾರ ಮಾಡುವುದು ಅಂದರೆ ಏನು ಅಂತ ನನ್ನನ್ನು ಕೇಳಬೇಕು. ಮೈಸೂರಿಗೆ ರಜೆಗೆ ಹೋದಾಗ ಮದುವೆಮನೆಗೆ ಹೊರಟರೆ, ಮಳೆ ಬಂದರೆ ಒಂದು ದಾರಿ, ಬರದಿದ್ದರೆ ಒಂದು ದಾರಿ. ತೆಂಗಿನಕಾಯಿ ಒಡೆಯುವ ಮೊದಲು ಅದು ಕೆಟ್ಟಿದ್ದರೆ ಅಂತ ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡಿರುತ್ತಾರೆ. ಮೊದಲ ವರ್ಷಗಳಲ್ಲಿ ಮೈ ಉರಿಯುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ಈಗ ಆ ಎರಡನೇ ಕಾಯಿಯಲ್ಲೇ ಚಟ್ನಿ ಮಾಡುತ್ತೇನೆ.

ಇವರಿಗೆ ಐವತ್ತೆಂಟು ತುಂಬಿದ್ದೇ ತಡ, ಅಲ್ ವಕ್ರಾದ ನಮ್ಮ ಫ್ಲ್ಯಾಟಿನ ಹಾಲಿನ ಗೋಡೆಗೆ ಒಂದು ಉದ್ದನೆಯ ಚಾರ್ಟು ಬಂತು. ಮೇಲೆ ದಪ್ಪ ಅಕ್ಷರದಲ್ಲಿ 'ನಿವೃತ್ತಿ' ಅಂತ. ಕೆಳಗೆ ಬಣ್ಣಬಣ್ಣದ ಪಟ್ಟಿಗಳು. ಈ ದೇಶದಲ್ಲಿ ನಮ್ಮಂಥವರಿಗೆ ಪಿಂಚಣಿ ಇಲ್ಲ. ಕೆಲಸ ಮುಗಿದ ದಿನ ಗ್ರಾಚ್ಯುಟಿ ಅಂತ ಒಂದು ಗಂಟು ಕೈಗಿಡುತ್ತಾರೆ, ವೀಸಾ ರದ್ದು ಮಾಡುತ್ತಾರೆ, ಖಲಾಸ್. ಇಷ್ಟು ವರ್ಷ ಬಾಳಿದ ಮನೆ, ಬೀದಿ, ಸಾಲ ಕೊಡುವ ದಿನಸಿ ಅಂಗಡಿಯ ಪರಿಚಯ, ಎಲ್ಲವನ್ನೂ ಬಿಟ್ಟು ಹೊರಡಬೇಕು. ಅದಕ್ಕೇ ಇಲ್ಲಿನವರೆಲ್ಲ ಐವತ್ತು ದಾಟುತ್ತಿದ್ದ ಹಾಗೆ ಎರಡು ಮಾತು ಕಲಿಯುತ್ತಾರೆ, 'ಊರಲ್ಲಿ ಮನೆ' ಮತ್ತು 'ಇನ್ನೊಂದೇ ವರ್ಷ'. ನಮ್ಮವರು ಎರಡನೆಯದನ್ನು ಆಡುವವರಲ್ಲ. ಅರವತ್ತು ಅಂದರೆ ಅರವತ್ತು.

ಚಾರ್ಟಿನಲ್ಲಿ ಹಸಿರು ಪಟ್ಟಿ ಬ್ಯಾಂಕಿನ ಠೇವಣಿ. ಊರಿಗೆ ಮರಳಿದ ಮೇಲೆ ಅದರ ಬಡ್ಡಿಗೆ ತೆರಿಗೆ ಬೀಳುತ್ತದೆ ಎಂದು ಅದರ ಕೆಳಗೊಂದು ತೆಳ್ಳಗಿನ ಕೆಂಪು ಗೆರೆ. ನೀಲಿ ಪಟ್ಟಿ ಆರೋಗ್ಯ ವಿಮೆ. ಅದನ್ನು ಅರವತ್ತಾಗುವ ತನಕ ಕಾಯದೆ ಈಗಲೇ ಮಾಡಿಸಿಕೊಳ್ಳಬೇಕು ಅಂತ ಇವರು ನಮ್ಮ ಕಟ್ಟಡದ ಅರ್ಧ ಜನಕ್ಕೆ ಬುದ್ಧಿ ಹೇಳಿ, ಮಾಡಿಸಿಯೂ ಬಿಟ್ಟಿದ್ದರು. ಹಳದಿ ಪಟ್ಟಿ ಮೈಸೂರಿನ ಮನೆ. ನೆಲಮಹಡಿ ಆಗಿತ್ತು, ಮೇಲಿನ ಮಹಡಿ ಕಟ್ಟುವುದು ಬಾಕಿ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅನ್ನುವ ಗಾದೆಯನ್ನು ಇವರು ಗಾದೆ ಅಂತ ಅಂದುಕೊಂಡೇ ಇಲ್ಲ, ಎಂಜಿನಿಯರಿಂಗ್ ಸೂತ್ರ ಅಂದುಕೊಂಡಿದ್ದಾರೆ. ಕುಡಿಕೆ ಎಷ್ಟು ದೊಡ್ಡದು, ದಿನಕ್ಕೆ ಎಷ್ಟು ಉಣ್ಣಬಹುದು, ಎಲ್ಲ ಲೆಕ್ಕ ಗೋಡೆಯ ಮೇಲಿತ್ತು. ಬಂದವರೆಲ್ಲ ಕಾಫಿ ಕುಡಿಯುತ್ತಾ ಅದನ್ನು ನೋಡಿ ಭಲೆ ಅನ್ನುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆ.

ಒಂದು ದಿನ ಗೋಡೆಯ ಧೂಳು ಒರೆಸುವಾಗ ಚಾರ್ಟಿನ ತುದಿಯಲ್ಲಿ ಎರಡು ಸಾಲು ಕಂಡವು. ನಾವು ಹೊರಡುವ ತಿಂಗಳಲ್ಲಿ 'ಕಾರು ಮಾರಾಟ'. ಅದರ ಮುಂದೆ, ಊರಿಗೆ ಹೋದ ಮೇಲೆ, 'ಸ್ಥಳೀಯ ಓಡಾಟ, ಆಟೋ'. ಇಷ್ಟೇ.

ಆ ಕಾರು ನನ್ನದು. ಹೆಸರಿಗೆ ಮಾತ್ರ ಅಲ್ಲ. ನಮ್ಮ ಮನೆಯಲ್ಲಿ ಕಾರು ಓಡಿಸುವವಳು ನಾನೊಬ್ಬಳೇ. ಇವರಿಗೆ ಬೆಳಗಿನ ಜಾವ ಕಂಪನಿಯ ಬಸ್ಸು ಬರುತ್ತದೆ, ಸಂಜೆ ಅದೇ ಬಸ್ಸು ತಂದು ಬಿಡುತ್ತದೆ. ಬಂದ ಹೊಸದರಲ್ಲಿ ಒಮ್ಮೆ ಲೈಸೆನ್ಸ್ ಪರೀಕ್ಷೆಗೆ ಹೋಗಿ, ಪಾರ್ಕಿಂಗ್ ಮಾಡುವಾಗ ಕಂಬಕ್ಕೆ ಗುದ್ದಿ, ಮನೆಗೆ ಬಂದು, ಕಾರು ಅನ್ನುವುದು ದಿನದಿನವೂ ಬೆಲೆ ಇಳಿಯುವ ವಸ್ತು, ಅದರ ಮೇಲೆ ಹಣ ಹಾಕುವುದು ದಡ್ಡತನ ಎಂದು ಘೋಷಿಸಿದರು. ದ್ರಾಕ್ಷಿ ಹುಳಿಯಾಯಿತು. ನಾನು ಕಲಿತದ್ದು ಮಗಳು ಹೈಸ್ಕೂಲಿಗೆ ಬಂದ ಮೇಲೆ. ಇಲ್ಲಿನ ರೌಂಡಬೌಟಿನಲ್ಲಿ ನುಗ್ಗುವುದೆಂದರೆ ಸಂತೆಯ ನೂಕುನುಗ್ಗಲಲ್ಲಿ ಮಗುವನ್ನು ಎತ್ತಿಕೊಂಡು ನಡೆದ ಹಾಗೆ. ಪಕ್ಕದಲ್ಲಿ ಕೂತ, ಕಲಿಸುವ ಮೇಡಮ್ಮು 'ಯಲ್ಲಾ, ಯಲ್ಲಾ', ನಡಿ ನಡಿ, ಅಂತ ಸ್ಟೀರಿಂಗನ್ನು ತಟ್ಟುತ್ತಿದ್ದಳು. ಎರಡು ಸಲ ಫೇಲಾದೆ. ಮೂರನೆಯ ಸಲ ಪಾಸಾದಾಗ ಪೊಲೀಸ್ ಅಧಿಕಾರಿಯ ಮುಂದೆಯೇ ಅತ್ತುಬಿಟ್ಟೆ. ಆತ ಗಾಬರಿಯಿಂದ ಟಿಶ್ಯೂ ಡಬ್ಬಿಯನ್ನೇ ನನ್ನ ಕೈಗೆ ಕೊಟ್ಟ.

ಅವತ್ತಿನಿಂದ ನನ್ನ ಬದುಕು ಬೇರೆಯಾಯಿತು. ತರಕಾರಿ ಮಾರುಕಟ್ಟೆಗೆ ಹೋಗಬೇಕೇ, ಹೋದೆ. ಸಮುದ್ರದ ಪಕ್ಕ ಸುಮ್ಮನೆ ಕೂರಬೇಕೇ, ಕೂತೆ. ಕಟ್ಟಡದ ಹೆಂಗಸರು ಮೂವರನ್ನು ಹತ್ತಿಸಿಕೊಂಡು ಪ್ರತಿ ಗುರುವಾರ ಸವಾರಿ ಹೊರಡುತ್ತಿದ್ದೆ. ಮೈಸೂರಿನಲ್ಲಿ ಅಪ್ಪ, ಆಮೇಲೆ ಅಣ್ಣ, ಆಮೇಲೆ ಗಂಡ ಕರೆದುಕೊಂಡು ಹೋದಲ್ಲಿಗೆ ಹೋದವಳು ನಾನು. ಕೀಲಿಕೈ ನನ್ನ ಚೀಲದಲ್ಲಿ ಇರುವುದು ಎಂಥ ಸುಖ ಅನ್ನುವುದು ಚಿಕ್ಕಂದಿನಿಂದ ಓಡಿಸಿದವರಿಗೆ ಅರ್ಥವಾಗುವುದಿಲ್ಲ.

ಕಾರು ಯಾಕಿಲ್ಲ ಅಂತ ಒಗ್ಗರಣೆ ಹಾಕುತ್ತಾ ಕೇಳಿದೆ. ಊರಲ್ಲಿ ಕಾರು ಯಾಕೆ, ಫೋನು ಒತ್ತಿದರೆ ಆಟೋ ಬಾಗಿಲಿಗೇ ಬರುತ್ತದೆ ಎಂದರು ಇವರು, ಚಾರ್ಟಿನಿಂದ ಕಣ್ಣು ತೆಗೆಯದೆ. ನನಗೆ ಕೋಪ ಬಂದರೆ ಮಾತು ನಿಲ್ಲುತ್ತದೆ, ಪಾತ್ರೆಗಳು ಮಾತಾಡುತ್ತವೆ. ಅವತ್ತು ಅಡುಗೆಮನೆಯಲ್ಲಿ ಬಹಳ ಮಾತಾಯಿತು. ನನಗೆ ಕಾರು ಬೇಕು ಅಂತ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಇಷ್ಟು ವರ್ಷ ಜೊತೆಗಿದ್ದವರಿಗೆ ಅದನ್ನು ಹೇಳಿ ಬೇರೆ ತಿಳಿಸಬೇಕೇ ಅನ್ನುವ ಹಠ.

ಆ ಬೇಸಿಗೆಯಲ್ಲಿ ಇವರಿಗೆ ಒಂದು ತಿಂಗಳು ರಜೆ ಬಾಕಿ ಇತ್ತು. ವಿಮಾನದ ಟಿಕೆಟ್ಟು ಆಕಾಶದಲ್ಲಿತ್ತು, ಪುಣೆಯಲ್ಲಿ ಹೊಸ ಕೆಲಸಕ್ಕೆ ಸೇರಿದ್ದ ಮಗಳಿಗೆ ರಜೆ ಇರಲಿಲ್ಲ. ಅದಕ್ಕೆ ಇವರೊಂದು ಯೋಜನೆ ತೆಗೆದರು. ಪ್ಲಾಂಟಿನಲ್ಲಿ ದೊಡ್ಡ ಶಟ್‌ಡೌನಿಗೆ ಮೊದಲು ಡ್ರೈ ರನ್ ಅಂತ ಮಾಡುತ್ತಾರಂತೆ. ಎಲ್ಲ ನಿಜವಾಗಿ ನಡೆದ ಹಾಗೆ ಒಂದು ತಾಲೀಮು. ನಾವೂ ಒಂದು ತಿಂಗಳು ನಿವೃತ್ತರಾಗಿ ನೋಡೋಣ ಎಂದರು. ಮೈಸೂರಿನಲ್ಲಿ ತಿಂಗಳಿಗೆ ಎಷ್ಟು ಖರ್ಚು ಅಂತ ಗೋಡೆಯ ಮೇಲಿದೆಯೋ ಅದನ್ನೇ ರಿಯಾಲಿಗೆ ಬದಲಿಸಿ, ಮನೆ ಬಾಡಿಗೆ ಒಂದನ್ನು ಬಿಟ್ಟು, ಅಷ್ಟರಲ್ಲೇ ಬದುಕಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚುವುದು. ಆಟೋ ಇಲ್ಲದ ಊರಾದ್ದರಿಂದ ಆ ಜಾಗದಲ್ಲಿ ಬಸ್ಸು, ಮೆಟ್ರೊ. ಕಾರು ಕೆಳಗೆ ಪಾರ್ಕಿಂಗಿನಲ್ಲೇ ಇರಬೇಕು.

ಜುಲೈ ತಿಂಗಳ ವಕ್ರಾದಲ್ಲಿ ಮೈಸೂರಿನ ಬಜೆಟ್ಟು. ಇಂಥ ಉಪಾಯ ಪ್ಲಾನರ್‌ಗಲ್ಲದೆ ಇನ್ನಾರಿಗೆ ಹೊಳೆಯುತ್ತದೆ? ಆದರೂ ನಾನು ಆಗಲಿ ಅಂದೆ. ಕಾರಿಲ್ಲದೆ ಬದುಕುವುದು ಏನು ಅನ್ನುವುದು ಇವರ ತಲೆಗೇ ಬಿಸಿಲು ಬಡಿದು ತಿಳಿಯಲಿ ಅಂತ. ಕೀಲಿಕೈಯನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದೆ. ಇವರಿಗೆ ನನ್ನ ಭಕ್ತಿ ಮೆಚ್ಚುಗೆಯಾಯಿತು.

ನಿಜ ಹೇಳಬೇಕೆಂದರೆ ಮೊದಲ ವಾರ ಬಹಳ ಚೆನ್ನಾಗಿತ್ತು. ಬೆಳಗಿನ ಹತ್ತು ಗಂಟೆಗೆ ಮನೆ ಹೇಗಿರುತ್ತದೆ ಅಂತ ಇವರು ವಾರದ ದಿನಗಳಲ್ಲಿ ನೋಡಿಯೇ ಇರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಕುಕ್ಕರ್ ಕೂಗುವಾಗ ನೀನು ಯಾಕೆ ಸುಮ್ಮನೆ ನಿಂತಿರುತ್ತೀ, ಆ ಹೊತ್ತಿನಲ್ಲಿ ಕೊತ್ತಂಬರಿ ಬಿಡಿಸಬಹುದಲ್ಲ ಎಂದರು. ಬಿಡಿಸಿ ಅಂತ ಕಟ್ಟು ಮುಂದಿಟ್ಟೆ. ಅಲ್ಲಿಂದ ಮುಂದೆ ಕೊತ್ತಂಬರಿ, ಬೆಳ್ಳುಳ್ಳಿ, ಅವರೆಕಾಳಿನ ಸಿಪ್ಪೆ, ಎಲ್ಲ ಇವರ ಇಲಾಖೆ. ಸಾರಿನ ಪುಡಿ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದರು. ಮೂವತ್ತು ವರ್ಷದಿಂದ ಕಣ್ಣು ಮುಚ್ಚಿಕೊಂಡು ತೆಗೆಯುತ್ತಿದ್ದ ಡಬ್ಬಿಯನ್ನು ನಾನು ಚೀಟಿ ಓದಿ ಹುಡುಕುವ ಹಾಗಾಯಿತು. ಬಿಸಿಲೇರುವ ಮೊದಲು ಹಳೆ ಪೇಟೆ ಸೂಕ್‌ನ ಪಕ್ಕದ ಕಡಲ ದಂಡೆಗೆ ನಡೆದು ಹೋಗುತ್ತಿದ್ದೆವು. ಇಬ್ಬರೂ ಬೆವರಿ ತೊಪ್ಪೆಯಾಗಿ, ಕರಕ್ ಚಹಾ ಕುಡಿದು, ಬಜೆಟ್ಟಿನಲ್ಲಿ ಚಹಾದ ಸಾಲು ಸಾಕಾಗುತ್ತದೆಯೇ ಅಂತ ಜಗಳವಾಡಿ ಬರುತ್ತಿದ್ದೆವು. ಇವರ ಜೊತೆ ಮುದುಕಿಯಾಗುವುದು ಇಷ್ಟೊಂದು ನಗು ತರಿಸುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಎರಡನೆಯ ವಾರಕ್ಕೆ ಕಲ್ಲಂಗಡಿ ಬಂತು. ಮಾರುಕಟ್ಟೆಯಲ್ಲಿ ಅಗ್ಗ ಅಂತ ಇವರೇ ಆರಿಸಿದ್ದು. ಬಸ್ಸು ಇಳಿದು ನಮ್ಮ ಕಟ್ಟಡಕ್ಕೆ ಬರುವಷ್ಟರಲ್ಲಿ ಅದನ್ನು ಎರಡು ಕೈಯಿಂದ ತಬ್ಬಿಕೊಂಡು ಪ್ರತಿ ನೆರಳಿನಲ್ಲೂ ನಿಂತರು. ನಾನು ಕೊಡೆ ಹಿಡಿದು ಮುಂದೆ ಮುಂದೆ ನಡೆದೆ. ಕಾರಿನ ಪಕ್ಕ ಹಾದು ಹೋಗುವಾಗ ಇಬ್ಬರೂ ಅದರ ಕಡೆ ನೋಡಲಿಲ್ಲ. ಗುರುವಾರದ ನನ್ನ ಗುಂಪಿನವರು ಟ್ಯಾಕ್ಸಿಯಲ್ಲಿ ಹೋಗಿ ಬಂದು, ನಿಮ್ಮ ನಿವೃತ್ತಿ ಮುಗಿಯುವುದು ಯಾವಾಗ ಅಂತ ವಿಚಾರಿಸಿಕೊಂಡರು. ನಾನು ಒಂದು ಮಾತೂ ಆಡಲಿಲ್ಲ. ಇವರೂ ಆಡಲಿಲ್ಲ. ಹಠದಲ್ಲಿ ಇವರೇನು ನನಗಿಂತ ಕಡಿಮೆಯವರಲ್ಲ.

ಆಮೇಲೆ ನಗರದ ಆಚೆ ತುದಿಯ ಅಲ್ ರಯ್ಯಾನಿನಲ್ಲಿ ಒಂದು ಬೀಳ್ಕೊಡುಗೆ. ಕಾರ್ಕಳದ ಕಡೆಯ ಒಂದು ದಂಪತಿ, ಬಹಳ ವರ್ಷದ ಸ್ನೇಹಿತರು, ಎಲ್ಲ ಮುಗಿಸಿ ಊರಿಗೆ ಹೊರಟಿದ್ದರು. ಆಕೆ ಮತ್ತು ನಾನು ಒಂದೇ ತಂಡದಲ್ಲಿ ಡ್ರೈವಿಂಗ್ ಕಲಿತವರು, ನನಗಿಂತ ಒಂದು ಸಲ ಹೆಚ್ಚೇ ಫೇಲಾದವಳು. ನಮ್ಮ ಕನ್ನಡದವರಲ್ಲಿ ಬೀಳ್ಕೊಡುಗೆ ಅಂದರೆ ಶಾಲು, ಹಣ್ಣಿನ ಬುಟ್ಟಿ, ಭಾಷಣ, ಮತ್ತೆ ಪ್ರತಿ ಮನೆಯಿಂದ ಒಂದೊಂದು ಪಾತ್ರೆ ಅಡುಗೆ. ನನ್ನ ಪಾಲಿಗೆ ಯಾವತ್ತೂ ಬಿಸಿಬೇಳೆಭಾತ್. ನಲವತ್ತು ಜನಕ್ಕಾಗುವ ಪಾತ್ರೆಯನ್ನು ಕಾರಿನ ಡಿಕ್ಕಿಯಲ್ಲಿಟ್ಟು ಹೋಗುವುದು ರೂಢಿ. ಆದರೆ ನಾವು ನಿವೃತ್ತರು. ಕಾರಿಲ್ಲ.

ಇವತ್ತೊಂದು ದಿನ ಕಾರು ತೆಗೆಯೋಣ ಅಂತ ಇವರು ಹೇಳುತ್ತಾರೆಂದು ನಾನು ಕಾದೆ. ನಾನು ಹೇಳುತ್ತೇನೆಂದು ಇವರು ಕಾದರಂತೆ. ಕೊನೆಗೆ ಪಾತ್ರೆಯನ್ನು ಸ್ನಾನದ ಟವೆಲಿನಲ್ಲಿ ಸುತ್ತಿ, ಇವರು ಮದುವೆಗಂಡಿನಂಥ ರೇಷ್ಮೆ ಜುಬ್ಬದಲ್ಲಿ ಅದನ್ನು ಎತ್ತಿಕೊಂಡು, ನಾನು ಮೈಸೂರು ರೇಷ್ಮೆಯುಟ್ಟು ಸೌಟು ಹಿಡಿದುಕೊಂಡು, ವಕ್ರಾದಿಂದ ಮೆಟ್ರೊ ಹತ್ತಿದೆವು. ಬಾಗಿಲಲ್ಲಿ ಕಾವಲಿನವನು ಟವೆಲು ಸರಿಸಿ ನೋಡಿ, ಮೂಸಿ, ಒಳಗೆ ತಿನ್ನಬಾರದು ಅಂತ ಮಾತ್ರ ಹೇಳಿ ಬಿಟ್ಟ. ರೈಲು ಹೊರಟಿತು, ತುಪ್ಪ ಇಂಗು ಮರಾಠಿ ಮೊಗ್ಗಿನ ಘಮ ಬೋಗಿಯ ತುಂಬ ಹಬ್ಬಿತು. ಒಬ್ಬೊಬ್ಬರೇ ಫೋನಿನಿಂದ ತಲೆಯೆತ್ತಿದರು. ಎದುರಿನ ಮಲಯಾಳಿ ಅಜ್ಜಿ ಇದು ಸಾಂಬಾರೇ ಅಂತ ಕೇಳಿದಳು. ಅಲ್ಲ ಅಂತ ನಾನು ವಿವರಿಸಲು ಹೊರಟರೆ, ಪಕ್ಕದ ಫಿಲಿಪಿನೋ ಹುಡುಗಿಯರೂ ಬೆಂಚಿನ ತುದಿಗೆ ಬಂದು ಕೇಳಿಸಿಕೊಂಡರು. ಮುಶೈರಿಬ್‌ನಲ್ಲಿ ರೈಲು ಬದಲಿಸುವಾಗ ಎಸ್ಕಲೇಟರಿನ ಮೇಲೆ ಇವರು ಪಾತ್ರೆಯನ್ನು ಎದೆಗೊತ್ತಿಕೊಂಡು ನಿಂತ ರೀತಿಗೆ ನಾನು ನಕ್ಕು ನಕ್ಕು ಸೌಟು ಬೀಳಿಸಿದೆ. ಅದು ಟಣಟಣ ಅಂತ ಮೆಟ್ಟಿಲಿಳಿದು ಹೋಯಿತು. ಯಾರೋ ಪುಣ್ಯಾತ್ಮರು ಮೇಲೆ ತಂದುಕೊಟ್ಟರು.

ಕಾರ್ಯಕ್ರಮಕ್ಕೆ ಮುಟ್ಟುವಷ್ಟರಲ್ಲಿ ಶಾಲು ಹೊದಿಸಿಯಾಗಿತ್ತು, ಜನ ಮೊಸರನ್ನಕ್ಕೆ ಬಂದಿದ್ದರು. ಆದರೂ ನನ್ನ ಪಾತ್ರೆ ಖಾಲಿಯಾಯಿತು. ಮೊಸರನ್ನ ಉಂಡವರು ಮತ್ತೆ ತಟ್ಟೆ ಹಿಡಿದು ಬಂದರು, ಅದು ಬೇರೆ ವಿಷಯ.

ಹೊರಟು ನಿಂತಿದ್ದ ಗೆಳತಿ ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಕೂತಳು. ಊರಿನ ಮನೆಗೆ ಹೊಸ ಬಣ್ಣ, ಬಾವಿಗೆ ಪಂಪು, ಎಲ್ಲ ಆಗಿದೆ ಎಂದಳು. ಖುಷಿಯಾಗಿಯೇ ಇದ್ದಳು. ನಾನು ಕಾರಿನ ವಿಷಯ ಕೇಳಿದೆ.

"ಮೊನ್ನೆ ಕೊಟ್ಟಾಯ್ತು ಅಕ್ಕ. ಕೀ ಕೊಡುವಾಗ ನನಗೆ ಏನೂ ಆಗ್ಲಿಲ್ಲ. ನಿನ್ನೆ ಹಸಿಮೆಣಸು ತರ್ಲಿಕ್ಕೆ ಅಂತ ಚಪ್ಪಲಿ ಹಾಕಿ ಕೆಳಗೆ ಹೋದೆ. ಅಲ್ಲಿ ಹೋಗಿ ನಿಂತ ಮೇಲೆ ನೆನಪಾಯ್ತು. ಇನ್ನು ಮೆಣಸು ಬೇಕಾದ್ರೂ ಒಬ್ಬರ ಹತ್ರ ಕೇಳ್ಬೇಕಲ್ಲ."

ಹೇಳಿ ನಕ್ಕಳು. ನಾನು ನಗಲಿಲ್ಲ. ಅವಳ ಶಾಲಿನ ಅಂಚನ್ನು ಸುಮ್ಮನೆ ನೀವುತ್ತಾ ಕೂತೆ.

ಹಿಂತಿರುಗುವಾಗ ಪ್ಲಾಟ್‌ಫಾರಮಿನ ಬೆಂಚಿನ ಮೇಲೆ ನಾವಿಬ್ಬರು, ನಡುವೆ ಖಾಲಿ ಪಾತ್ರೆ. ಇಷ್ಟು ದಿನದ ಹಠ ಅಲ್ಲೇ ಕರಗಿ ಹೋಯಿತು. ಬೇರೆ ಯಾರೋ ಬಂದು ನನ್ನ ಪರವಾಗಿ ಹೇಳುವುದಿಲ್ಲ ಅಂತ ಗೊತ್ತಾಯಿತು.

"ರೀ, ನಂಗೆ ಊರಲ್ಲಿ ಕಾರು ಬೇಕು" ಅಂದೆ.

ಇವರು ನನ್ನ ಮುಖವನ್ನೇ ನೋಡಿದರು. ಆಶ್ಚರ್ಯ ನಾಟಕದ್ದಲ್ಲ.

"ನೀನೇ ಬೇಡ ಅಂದಿದ್ಯಲ್ಲೇ" ಎಂದರು.

ನನಗೆ ಮರೆತೇ ಹೋಗಿತ್ತು. ಹಿಂದಿನ ರಜೆಯಲ್ಲಿ ಮೈಸೂರಿನಲ್ಲಿ ಮೈದುನನ ಕಾರಿನಲ್ಲಿ ಎಲ್ಲಿಗೋ ಹೊರಟಿದ್ದೆವು. ನಾನು ಕತಾರಿನ ಅಭ್ಯಾಸಬಲದಿಂದ, ಡ್ರೈವರಿನ ಪಕ್ಕದ ಸೀಟು ಅಂದುಕೊಂಡು, ಬಲಗಡೆಯ ಬಾಗಿಲು ತೆಗೆದು ಸೀದಾ ಕೂತುಬಿಟ್ಟೆ. ಇಲ್ಲಿ ಡ್ರೈವರು ಎಡಗಡೆ, ಅಲ್ಲಿ ಬಲಗಡೆ. ಎದುರಿಗೆ ಸ್ಟೀರಿಂಗ್ ಕಂಡು ಹೌಹಾರಿ ಇಳಿದೆ. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಆ ರಾತ್ರಿ ಊಟಕ್ಕೆ ಕೂತಾಗ, ಈ ಊರಿನಲ್ಲಿ ನಾನು ಕಾರು ಮುಟ್ಟುವುದಿಲ್ಲಪ್ಪ ಅಂತ ನಗುತ್ತಲೇ ಹೇಳಿದ್ದೆನಂತೆ. ಇವರು ಅದನ್ನು ಹಾಗೇ ಹಿಡಿದಿಟ್ಟುಕೊಂಡು ಬಂದು ಚಾರ್ಟಿನಲ್ಲಿ ಬರೆದಿದ್ದರು. ಮತ್ತೆ ಕೇಳಿದರೆ ನನಗೆ ಅವಮಾನವಾಗಬಹುದು ಅಂತ ಕೇಳಿಯೂ ಇರಲಿಲ್ಲ. ನಾನು ಮೂರು ವಾರದಿಂದ ಬಿಸಿಲಿನಲ್ಲಿ ಬೇಯಿಸುತ್ತಿದ್ದದ್ದು ಈ ಮನುಷ್ಯನನ್ನು.

ಅದು ನಗೆಯ ಮಾತು ರೀ, ಆದರೆ ಭಯವೂ ಇತ್ತು, ಈಗಲೂ ಇದೆ ಎಂದೆ. ಎಲ್ಲ ತಿರುಗುಮುರುಗಾದ ರಸ್ತೆಯಲ್ಲಿ ನನ್ನ ಕೈಲಾಗುತ್ತದೋ ಇಲ್ಲವೋ ಗೊತ್ತಿಲ್ಲ, ಆದರೆ ಆಗುವುದಿಲ್ಲ ಅನ್ನುವುದನ್ನು ನಾನು ಓಡಿಸಿ ನೋಡಿ ತೀರ್ಮಾನಿಸಬೇಕು, ಗೋಡೆ ತೀರ್ಮಾನಿಸಬಾರದು ಎಂದೆ. ರೈಲು ಬಂತು. ಹತ್ತಿ ಕೂತ ಮೇಲೆ ಇವರು ಹೇಳಿದರು.

"ಪ್ಲಾಂಟಲ್ಲಿ ವಾಲ್ವ್ ತಿರುಗಿಸೋನು ಒಂದು ಮಾತು ಹೇಳಿದ್ರೆ ಎರಡು ಸಲ ಕೇಳಿ ಬರ್ಕೋತೀನಿ ಕಣೆ. ನಿನ್ನ ಎರಡನೇ ಸಲ ಕೇಳಲೇ ಇಲ್ಲ ನೋಡು."

ನನಗೆ ಕಣ್ಣು ತುಂಬಿತು. ಪಾತ್ರೆ ಅವರ ತೊಡೆಯ ಮೇಲಿತ್ತು, ಅದರ ಮೇಲೆ ನನ್ನ ಕೈ ಇಟ್ಟೆ.

ಮರುದಿನದಿಂದ ಗೋಡೆಯ ಮುಂದೆ ಕುರ್ಚಿ. ಹೊಸ ಕಾರು, ಅದರ ವಿಮೆ, ಪೆಟ್ರೋಲು, ಇದೆಲ್ಲ ಆಕಾಶದಿಂದ ಬೀಳುವುದಿಲ್ಲ, ಇನ್ನೊಂದು ಪಟ್ಟಿ ಗಿಡ್ಡವಾಗಬೇಕು. ಠೇವಣಿ ಮುಟ್ಟುವ ಹಾಗಿಲ್ಲ, ವಿಮೆ ಮುಟ್ಟುವ ಹಾಗಿಲ್ಲ. ಉಳಿದದ್ದು ಹಳದಿ, ಮೇಲಿನ ಮಹಡಿ. ಅದು ಇವರ ಕನಸು. ಮಗಳು ಬಂದರೆ ಇರಲಿ ಅಂತ ಎರಡು ಕೋಣೆ, ಸಂಜೆ ಚಾಮುಂಡಿ ಬೆಟ್ಟದ ದೀಪ ನೋಡಲು ಒಂದು ಬಾಲ್ಕನಿ. ಮಗಳಿಗೆ ಫೋನು ಮಾಡಿ ಕೇಳಿದರು, ಈ ಬಾರಿ ಎರಡು ಸಲ. ವರ್ಷಕ್ಕೆ ನಾಲ್ಕು ದಿನ ಬರುವ ನನಗೆ ಎರಡು ಕೋಣೆ ಯಾಕಪ್ಪಾ, ಹಾಲಿನಲ್ಲಿ ಅಮ್ಮನ ಪಕ್ಕ ಮಲಗುತ್ತೇನೆ, ಅಮ್ಮ ನನ್ನನ್ನು ಸ್ಟೇಷನ್ನಿನಿಂದ ಕರೆದುಕೊಂಡು ಬಂದರೆ ಸಾಕು ಎಂದಳು. ಬಾಲ್ಕನಿಯ ಮಾತು ಇವರು ಎತ್ತಲಿಲ್ಲ. ನಾನು ಎತ್ತಿದೆ. ಬೆಟ್ಟಕ್ಕೇ ಕರೆದುಕೊಂಡು ಹೋಗುತ್ತೀಯಲ್ಲ, ದೂರದಿಂದ ಯಾಕೆ ನೋಡಲಿ ಅಂತ ಹೇಳಿ, ಇವರೇ ಮಹಡಿಯನ್ನು ಅಳಿಸಿದರು.

ಅಷ್ಟಕ್ಕೇ ನಿಲ್ಲುವ ಜಾತಿಯೇ ಇವರದು? ಊಟದ ಮೇಜಿನ ಮೇಲೆ ತಟ್ಟೆ ಮುಚ್ಚಳಗಳನ್ನು ಜೋಡಿಸಿ ಮೈಸೂರಿನ ಸರ್ಕಲ್ಲುಗಳನ್ನು ಮಾಡಿದರು. ದೊಡ್ಡ ಮುಚ್ಚಳ ಅರಮನೆಯ ಮುಂದಿನದು. ಬೆಂಕಿಪೊಟ್ಟಣ ನನ್ನ ಕಾರು, ಕಡಲೆಕಾಯಿಗಳು ಆಟೋ, ಒಂದು ಆಲೂಗಡ್ಡೆ ಸಿಟಿ ಬಸ್ಸು. ಎಡಕ್ಕೆ ಅಂಟಿಕೋ, ಎಡಕ್ಕೆ, ಅಂತ ಹೇಳುತ್ತಾ ಆಲೂಗಡ್ಡೆಯನ್ನು ನನ್ನ ಮೇಲೆ ನುಗ್ಗಿಸುತ್ತಿದ್ದರು. ಮೊದಮೊದಲು ಸರ್ಕಲ್ಲನ್ನು ಉಲ್ಟಾ ಸುತ್ತಿ ಕಡಲೆಕಾಯಿಗಳನ್ನೆಲ್ಲ ಗುದ್ದಿದೆ. ಗುದ್ದಿದ ಆಟೋಗಳನ್ನು ಇಬ್ಬರೂ ಸುಲಿದು ತಿಂದೆವು. ಮೂರ್ನಾಲ್ಕು ದಿನದಲ್ಲಿ ಕೈ ತಾನಾಗಿಯೇ ಎಡಕ್ಕೆ ಹೋಗತೊಡಗಿತು. ಮೇಜಿನ ಮೇಲೆ ಓಡಿಸಿದ ಮಾತ್ರಕ್ಕೆ ಮೈಸೂರು ಗೆದ್ದ ಹಾಗಲ್ಲ ಅಂತ ನನಗೆ ಗೊತ್ತು. ಆದರೆ ಭಯ ಮೊದಲಿನಷ್ಟು ಇರಲಿಲ್ಲ.

ನಮ್ಮ ನಿವೃತ್ತಿ ಮುಗಿಯಲು ಇನ್ನೂ ಕೆಲವು ದಿನ ಬಾಕಿ ಇರುವಾಗ ಒಂದು ಶುಕ್ರವಾರ ಬೆಳಿಗ್ಗೆ ಇವರೇ ದೇವರ ಮುಂದಿನ ಕೀಲಿಕೈ ತೆಗೆದು, ಕುಂಕುಮ ಒರೆಸಿ, ನನ್ನ ಕೈಗೆ ಕೊಟ್ಟರು. ನಿಯಮ ಏನಾಯಿತು ಅಂತ ಕೇಳಿದೆ. ಚಾರ್ಟು ಬದಲಾಗಿದೆಯಲ್ಲ, ತಾಲೀಮು ಹೊಸ ಚಾರ್ಟಿನ ಪ್ರಕಾರ ನಡೆಯಬೇಕು ಎಂದರು. ಕೆಳಗಿಳಿದು ಕೀಲಿ ತಿರುಗಿಸಿದರೆ ಕಾರು ಕೆಮ್ಮಲೂ ಇಲ್ಲ. ಬಿಸಿಲಿನಲ್ಲಿ ನಿಂತು ನಿಂತು ಬ್ಯಾಟರಿ ಸತ್ತಿತ್ತು. ಕಟ್ಟಡದ ಕಾವಲಿನವನು ಪಕ್ಕದ ಗಾಡಿಯಿಂದ ತಂತಿ ಹಾಕಿ ಜೀವ ಕೊಟ್ಟ. ಈ ಬ್ಯಾಟರಿಯ ಖರ್ಚು ಯಾವ ಸಾಲಿನಲ್ಲಿ ಬರೆಯುತ್ತೀರಿ ಅಂತ ನಾನು ಕೆಣಕಿದೆ. ಪ್ಲಾನರನ ದಡ್ಡತನ ಅಂತ ಹೊಸ ಸಾಲು ಹಾಕುತ್ತೇನೆ ಎಂದರು.

ಕಾರಿನೊಳಗೆ ಬಿಸಿಗಾಳಿ ತುಂಬಿತ್ತು. ಕಿಟಕಿಗಳನ್ನೆಲ್ಲ ಇಳಿಸಿ, ಕನ್ನಡಿ ಸರಿಮಾಡಿಕೊಂಡೆ. ಇವರು ಪಕ್ಕದಲ್ಲಿ ಕೂತು ಬೆಲ್ಟು ಹಾಕಿಕೊಂಡರು. ಬೀದಿ ದಾಟಿ ರೌಂಡಬೌಟಿಗೆ ಬಂದೆ. ಎಡಗಡೆಯಿಂದ ದೊಡ್ಡದೊಂದು ಗಾಡಿ ನುಗ್ಗಿ ಬರುತ್ತಿತ್ತು. ತಡೆದು, ಸಂದು ನೋಡಿ, ಒಳಗೆ ಹೊಕ್ಕೆ. ಒಂದು ಸುತ್ತು ಹೊಡೆದೆ, ಸುಮ್ಮನೆ ಖುಷಿಗೆ ಇನ್ನೊಂದು ಸುತ್ತು ಹೊಡೆದೆ. ಯಾವ ದಾರಿ ಹಿಡಿಯಬೇಕೆಂದು ನಾನಿನ್ನೂ ತೀರ್ಮಾನಿಸಿರಲಿಲ್ಲ. ಇವರು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಮದುವೆಯಾದಾಗಿನಿಂದ ಮೊದಲ ಸಲ, ಎಲ್ಲಿಗೆ ಅಂತ ಕೇಳಲಿಲ್ಲ.